ನೆಲ ಓದಬಲ್ಲ ಎಂಜಿನಿಯರ್ ಬೇಕಾಗಿದ್ದಾರೆ: ಸುರಂಗ ವಿದ್ಯೆಯ ಸ್ನಾತಕೋತ್ತರ ತರಬೇತಿ

ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯ ಸಿಲ್ಕ್ಯಾರಾ ಸುರಂಗ ಕುಸಿದದ್ದು 2023ರ ನವೆಂಬರ್ 12ರಂದು. ಅಂದು ದೇಶವೆಲ್ಲ ದೀಪಾವಳಿಯ ಸಡಗರದಲ್ಲಿತ್ತು. ಯಮುನೋತ್ರಿ ಹೆದ್ದಾರಿಗಾಗಿ ನಿರ್ಮಾಣವಾಗುತ್ತಿದ್ದ ಸುಮಾರು 4.5 ಕಿ.ಮೀ. ಉದ್ದದ ಆ ಸುರಂಗದೊಳಗೆ 41 ಕಾರ್ಮಿಕರು ಸಿಲುಕಿದರು. ಅವರಿಗೂ ಹೊರಜಗತ್ತಿಗೂ ನಡುವೆ ಸುಮಾರು 60 ಮೀಟರ್ ಉದ್ದದ ಕಲ್ಲುಮಣ್ಣಿನ ರಾಶಿ ಬಿದ್ದಿತ್ತು. ಆ ರಾಶಿಯೊಳಗೆ ಉಕ್ಕಿನ ಕೊಳವೆ ತೂರಿಸಲು ತಂದ ಆಗರ್ ಯಂತ್ರ ನಡುವೆಯೇ ಮುರಿಯಿತು. ಉಳಿದ ಹತ್ತು-ಹನ್ನೆರಡು ಮೀಟರನ್ನು ಇಲಿಬಿಲ ಗಣಿಗಾರಿಕೆಯಲ್ಲಿ ಪಳಗಿದ ಕಾರ್ಮಿಕರು ಕೈಯಿಂದಲೇ ಅಗೆದು ಮುಗಿಸಿದರು. 17ನೆಯ ದಿನ, ನವೆಂಬರ್ 28ರ ರಾತ್ರಿ, ಎಲ್ಲ 41 ಮಂದಿಯೂ ಜೀವಂತವಾಗಿ ಹೊರಬಂದರು.

ತೆಲಂಗಾಣದ ಕಾರ್ಮಿಕರಿಗೆ ಆ ಅದೃಷ್ಟವಿರಲಿಲ್ಲ. ನಾಗರ್‌ಕರ್ನೂಲ್ ಜಿಲ್ಲೆಯಲ್ಲಿ ಶ್ರೀಶೈಲಂ ಎಡದಂಡೆ ಕಾಲುವೆ ಯೋಜನೆಯ ನೀರಾವರಿ ಸುರಂಗದ ಚಾವಣಿ 2025ರ ಫೆಬ್ರವರಿ 22ರಂದು ಕುಸಿಯಿತು. ಒಳಗೆ ಸಿಲುಕಿದ ಎಂಟು ಮಂದಿಯಲ್ಲಿ ಯಾರನ್ನೂ ಜೀವಂತವಾಗಿ ಹೊರತರಲಾಗಲಿಲ್ಲ. ಅಲ್ಲಿ ಅಗೆಯುತ್ತಿದ್ದದ್ದು ಆಧುನಿಕ ಸುರಂಗ ಕೊರೆಯುವ ಯಂತ್ರ.

ಎರಡೂ ಪ್ರಕರಣಗಳಲ್ಲಿ ಸಾರ್ವಜನಿಕ ಚರ್ಚೆ ನಡೆದದ್ದು ಹೆಚ್ಚಾಗಿ ರಕ್ಷಣಾ ಕಾರ್ಯದ ಬಗ್ಗೆ. ಆದರೆ ಸುರಂಗ ತಜ್ಞರ ಮಟ್ಟಿಗೆ ಮುಖ್ಯ ಪ್ರಶ್ನೆ ಅದಕ್ಕೂ ಹಿಂದಿನದು. ಅಗೆತದ ತುದಿಯಲ್ಲಿ ಪ್ರತಿ ಪಾಳಿಯಲ್ಲೂ ನಿಂತು, ಎದುರಿನ ಕಲ್ಲು ಏನು ಹೇಳುತ್ತಿದೆ ಎಂದು ಓದಬಲ್ಲವರು, ಅಗತ್ಯವಿದ್ದರೆ ಕೆಲಸ ನಿಲ್ಲಿಸಬಲ್ಲವರು ಎಷ್ಟು ಮಂದಿ ಇದ್ದಾರೆ? ಅಂಥವರನ್ನು ತಯಾರು ಮಾಡುವ ಉದ್ದೇಶದಿಂದಲೇ ವಿಶ್ವದ ಕೆಲವು ವಿಶ್ವವಿದ್ಯಾಲಯಗಳು ಸುರಂಗ ಅಗೆತ ಮತ್ತು ಆಸರೆ ತಂತ್ರಗಳಿಗೆ ಪ್ರತ್ಯೇಕ ಸ್ನಾತಕೋತ್ತರ ತರಬೇತಿ ನೀಡುತ್ತಿವೆ. ನೆಲದಡಿಯ ಕಾಮಗಾರಿಗಳು ಹೆಚ್ಚುತ್ತಿರುವ ಕರ್ನಾಟಕಕ್ಕೂ ಈ ವಿದ್ಯೆ ಈಗ ದೂರದ ವಿಷಯವಲ್ಲ.

ಸಿವಿಲ್ ಪದವಿ ಏಕೆ ಸಾಲದು?

ಸೇತುವೆ ಕಟ್ಟುವ ಎಂಜಿನಿಯರ್ ತನಗೆ ಬೇಕಾದ ಉಕ್ಕನ್ನೂ ಕಾಂಕ್ರೀಟನ್ನೂ ಆಯ್ಕೆ ಮಾಡಿಕೊಳ್ಳುತ್ತಾನೆ. ಅವುಗಳ ಬಲ ಎಷ್ಟೆಂಬುದು ಮೊದಲೇ ಗೊತ್ತಿರುತ್ತದೆ. ಸುರಂಗದ ವಿಷಯದಲ್ಲಿ ಹೀಗಲ್ಲ. ಅಲ್ಲಿ ಮುಖ್ಯ ನಿರ್ಮಾಣ ಸಾಮಗ್ರಿ ನೆಲವೇ. ಅದನ್ನು ಯಾವ ಕಾರ್ಖಾನೆಯೂ ತಯಾರಿಸಿಲ್ಲ, ಯಾರೂ ಪೂರ್ತಿ ಪರೀಕ್ಷಿಸಿಲ್ಲ. ಬೆಟ್ಟದ ಮೇಲಿನಿಂದ ಅಲ್ಲೊಂದು ಇಲ್ಲೊಂದು ರಂಧ್ರ ಕೊರೆದು ಕಲ್ಲಿನ ಮಾದರಿ ತೆಗೆಯಬಹುದು. ಆದರೆ ಎರಡು ರಂಧ್ರಗಳ ನಡುವೆ ಏನಿದೆ ಎಂಬುದು ಅಲ್ಲಿಗೆ ಅಗೆತ ತಲುಪಿದಾಗಲೇ ಖಚಿತವಾಗುವುದು.

ಹಿಮಾಚಲ ಪ್ರದೇಶದಲ್ಲಿ 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ 9.02 ಕಿ.ಮೀ. ಉದ್ದದ ಅಟಲ್ ಸುರಂಗ ಇದಕ್ಕೆ ಉತ್ತಮ ನಿದರ್ಶನ. ಸೇರಿ ನಾಲೆಯ ಕೆಳಗೆ ಹಾದುಹೋಗುವ 600 ಮೀಟರಿಗೂ ಕಡಿಮೆ ಉದ್ದದ ಭಗ್ನವಲಯ ದಾಟುವುದಕ್ಕೇ ವರ್ಷಗಳು ಹಿಡಿದವು. ಅಲ್ಲಿ ಕಲ್ಲು ನುಚ್ಚಾಗಿತ್ತು, ನೀರು ಒಳನುಗ್ಗುತ್ತಿತ್ತು. ಉಳಿದ ಎಂಟು ಕಿಲೋಮೀಟರಿಗೂ ಮೀರಿದ ಅಗೆತಕ್ಕಿಂತ ಈ ತುಣುಕೇ ಎಂಜಿನಿಯರುಗಳನ್ನು ಹೆಚ್ಚು ಕಾಡಿತು.

ಆದ್ದರಿಂದ ಸುರಂಗದ ವಿನ್ಯಾಸ ಕಚೇರಿಯಲ್ಲಿ ಆರಂಭವಾಗಿ, ಅಗೆತದ ತುದಿಯಲ್ಲಿ ಮುಗಿಯುತ್ತದೆ. ಕಾಮಗಾರಿಯವರ ಮಾತಿನಲ್ಲಿ ಈ ತುದಿಗೆ ಫೇಸ್ ಎಂದೇ ಹೆಸರು. ಅಲ್ಲಿ ಕಂಡದ್ದನ್ನು ಆಧರಿಸಿ ಮುಂದಿನ ಒಂದೆರಡು ಮೀಟರಿಗೆ ಯಾವ ಆಸರೆ ಬೇಕೆಂದು ತೀರ್ಮಾನಿಸಬೇಕಾಗುತ್ತದೆ. ಇದಕ್ಕೆ ಭೂವಿಜ್ಞಾನ, ಶಿಲಾ ಯಂತ್ರಶಾಸ್ತ್ರ, ಗಣಿ ತಂತ್ರಜ್ಞಾನ, ಸಿವಿಲ್ ವಿನ್ಯಾಸ ಇವೆಲ್ಲವೂ ಒಂದೇ ತಲೆಯಲ್ಲಿ ಕೂಡಬೇಕು. ಪದವಿ ಮಟ್ಟದಲ್ಲಿ ಇವು ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿವೆ. ಅವುಗಳನ್ನು ಒಂದುಗೂಡಿಸುವುದೇ ಸ್ನಾತಕೋತ್ತರ ತರಬೇತಿಯ ಮೊದಲ ಕೆಲಸ.

ಕಲ್ಲಿಗೂ ಅಂಕಪಟ್ಟಿ

ವಿದ್ಯಾರ್ಥಿ ಮೊದಲು ಕಲಿಯುವುದು ಕಲ್ಲನ್ನು ಅಳೆಯುವ ಭಾಷೆಯನ್ನು. ಬಂಡೆ ಎಷ್ಟೇ ಗಟ್ಟಿಯಾಗಿದ್ದರೂ ಅದರಲ್ಲಿನ ಸೀಳುಗಳು ಹತ್ತಿರ ಹತ್ತಿರವಿದ್ದರೆ, ಅವುಗಳ ನಡುವೆ ಜೇಡಿ ತುಂಬಿದ್ದರೆ, ನೀರು ಜಿನುಗುತ್ತಿದ್ದರೆ ಅದು ನಂಬಲರ್ಹವಲ್ಲ. ಕಾರ್ಲ್ ಟೆರ್ಜಾಗಿ 1946ರಲ್ಲಿ ಸುರಂಗದ ಉಕ್ಕಿನ ಕಮಾನುಗಳ ಮೇಲೆ ಬೀಳುವ ಶಿಲಾಭಾರವನ್ನು ನೆಲದ ಗುಣಕ್ಕೆ ತಕ್ಕಂತೆ ವಿಂಗಡಿಸಿದರು. ಅಮೆರಿಕದ ಡಾನ್ ಡೀರ್ ಅವರು 1960ರ ದಶಕದಲ್ಲಿ ಆರ್‌ಕ್ಯೂಡಿ ಎಂಬ ಸರಳ ಮಾಪನ ರೂಪಿಸಿದರು. ಕೊರೆದು ತೆಗೆದ ಕಲ್ಲಿನ ಮಾದರಿಯಲ್ಲಿ 10 ಸೆಂ.ಮೀ. ಅಥವಾ ಅದಕ್ಕಿಂತ ಉದ್ದವಾಗಿ ಉಳಿದ ತುಂಡುಗಳ ಪ್ರಮಾಣವೇ ಆರ್‌ಕ್ಯೂಡಿ. 150 ಸೆಂ.ಮೀ. ಮಾದರಿಯಲ್ಲಿ ಅಂಥ ತುಂಡುಗಳ ಒಟ್ಟು ಉದ್ದ 90 ಸೆಂ.ಮೀ. ಆದರೆ ಅದು ಶೇ 60.

ಇದರ ಮೇಲೆ ಎರಡು ದೊಡ್ಡ ಪದ್ಧತಿಗಳು ಬೆಳೆದವು. ಬೀನಿಯಾವ್‌ಸ್ಕಿ 1973ರಲ್ಲಿ ಪ್ರಕಟಿಸಿದ ಆರ್‌ಎಂಆರ್ ಪದ್ಧತಿ ಕಲ್ಲಿನ ಬಲ, ಆರ್‌ಕ್ಯೂಡಿ, ಸೀಳುಗಳ ಅಂತರ, ಸೀಳುಗಳ ಸ್ಥಿತಿ ಮತ್ತು ಅಂತರ್ಜಲ ಎಂಬ ಐದು ಅಂಶಗಳಿಗೆ ಅಂಕ ಕೊಟ್ಟು, ಸೀಳುಗಳ ದಿಕ್ಕಿಗೆ ತಕ್ಕಂತೆ ಅದನ್ನು ತಿದ್ದಿ, 100ಕ್ಕೆ ಲೆಕ್ಕ ಹಾಕುತ್ತದೆ. ನಾರ್ವೆಯ ಬಾರ್ಟನ್, ಲೀನ್ ಮತ್ತು ಲುಂಡೆ 1974ರಲ್ಲಿ ಸುಮಾರು 200 ನೈಜ ಕಾಮಗಾರಿಗಳ ಅನುಭವ ಆಧರಿಸಿ ಕ್ಯೂ ಪದ್ಧತಿ ರೂಪಿಸಿದರು. ಅದರ ಅಳತೆ 0.001ರಿಂದ 1,000ದವರೆಗೆ ಹಬ್ಬಿದೆ.

ಈ ಅಂಕಗಳು ಕೇವಲ ಕಡತಕ್ಕೆ ಸೀಮಿತವಲ್ಲ. ಆಸರೆ ಕೊಡದೆ ಬಿಟ್ಟರೆ ಸುರಂಗ ಎಷ್ಟು ಹೊತ್ತು ನಿಂತೀತು ಎಂಬುದನ್ನು ಆರ್‌ಎಂಆರ್ ಅಂದಾಜಿಸುತ್ತದೆ. ಅತ್ಯುತ್ತಮ ವರ್ಗದ ಬಂಡೆಯಲ್ಲಿ 15 ಮೀಟರ್ ಅಗಲದ ಪೊಟರೆ 20 ವರ್ಷ ನಿಲ್ಲಬಹುದು. ಮಧ್ಯಮ ಬಂಡೆಯಲ್ಲಿ 5 ಮೀಟರ್ ಅಗಲಕ್ಕೆ ಒಂದು ವಾರ. ಕಳಪೆ ಬಂಡೆಯಲ್ಲಿ ಎರಡೂವರೆ ಮೀಟರ್ ಅಗಲಕ್ಕೆ 10 ಗಂಟೆ. ತೀರಾ ಕಳಪೆ ಬಂಡೆಯಲ್ಲಿ ಒಂದೇ ಮೀಟರ್ ಅಗಲಕ್ಕೆ ಅರ್ಧ ಗಂಟೆ. ಪಾಳಿಯ ನಡುವೆ ಬಂಡೆಯ ವರ್ಗ ಬದಲಾದದ್ದನ್ನು ಗುರುತಿಸದೆ ಹೋದರೆ ಕಾರ್ಮಿಕರ ಬಳಿ ಉಳಿಯುವ ಸಮಯ ವಾರದಿಂದ ಗಂಟೆಗೆ ಇಳಿದಿರುತ್ತದೆ. ಅದು ಅವರಿಗೆ ಗೊತ್ತೇ ಇರುವುದಿಲ್ಲ.

ಭಾರತೀಯ ತಜ್ಞರ ಕೊಡುಗೆಯೂ ಇಲ್ಲಿ ಸಣ್ಣದಲ್ಲ. ಹಿಮಾಲಯದ ಆಳ ಸುರಂಗಗಳಲ್ಲಿ ದುರ್ಬಲ ಕಲ್ಲು ಮೇಲಿನ ಭಾರಕ್ಕೆ ನಿಧಾನವಾಗಿ ಒಳಕ್ಕೆ ಹಿಸುಕಿಕೊಂಡು ಬರುತ್ತದೆ. ಇದು ಯಾವ ಆಳದಲ್ಲಿ ಆರಂಭವಾದೀತು ಎಂಬುದಕ್ಕೆ ರೂರ್ಕಿಯ ಭವಾನಿ ಸಿಂಗ್ ಮತ್ತು ಸಂಗಡಿಗರು 1992ರಲ್ಲಿ ಸೂತ್ರವೊಂದನ್ನು ಕೊಟ್ಟರು. ಕ್ಯೂ ಅಂಕದ ಘನಮೂಲವನ್ನು 350ರಿಂದ ಗುಣಿಸಿದರೆ ಮೀಟರುಗಳಲ್ಲಿ ಅಪಾಯದ ಆಳ ಸಿಗುತ್ತದೆ. ಕ್ಯೂ 1 ಆಗಿದ್ದರೆ 350 ಮೀಟರ್; 0.125ಕ್ಕೆ ಇಳಿದರೆ 175 ಮೀಟರ್. ವಿದೇಶಿ ತರಗತಿಗಳಲ್ಲೂ ಈ ಸೂತ್ರ ಪರಿಚಿತ.

ಅಗೆತದ ಒಂದು ಸುತ್ತು

ಎರಡನೆಯ ದೊಡ್ಡ ಪಾಠ ಅಗೆಯುವ ವಿಧಾನ. ಗಟ್ಟಿ ಬಂಡೆಯಲ್ಲಿ ಇಂದಿಗೂ ವ್ಯಾಪಕವಾಗಿರುವುದು ರಂಧ್ರ ಕೊರೆದು ಸಿಡಿಸುವ ಕ್ರಮ. ಸರ್ವೆಯವರು ಗುರುತು ಹಾಕುತ್ತಾರೆ, ಯಂತ್ರ ರಂಧ್ರ ಕೊರೆಯುತ್ತದೆ, ಸ್ಫೋಟಕ ತುಂಬಿ ಸಿಡಿಸಲಾಗುತ್ತದೆ. ಹೊಗೆ ಹೊರಹಾಕಿದ ಮೇಲೆ ಕಲ್ಲಿನ ರಾಶಿ ಸಾಗಿಸಿ, ಚಾವಣಿಯಲ್ಲಿ ಸಡಿಲವಾಗಿ ತೂಗುವ ಚಕ್ಕೆಗಳನ್ನು ಕೆಡವುತ್ತಾರೆ. ಅನಂತರ ಭೂವಿಜ್ಞಾನಿ ಫೇಸ್‌ನ ನಕ್ಷೆ ಬರೆಯುತ್ತಾರೆ. ಆಸರೆ ಕೊಟ್ಟ ಬಳಿಕ ಮತ್ತೆ ಅದೇ ಸುತ್ತು.

ಈ ಸರಣಿಯಲ್ಲಿ ಅವಸರ ಬಂದಾಗ ಮೊದಲು ಮೊಟಕಾಗುವುದು ನಕ್ಷೆ ಬರೆಯುವ ಹೊತ್ತು. ಕಲ್ಲು ಸಾಗಿಸಿದ ಕೂಡಲೇ ಕಾಂಕ್ರೀಟು ಎರಚಿಬಿಟ್ಟರೆ ಬಂಡೆಯ ಮುಖ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಓದಬೇಕಾದ ಪುಟ ಓದುವ ಮೊದಲೇ ಹರಿದುಹೋದಂತೆ. ಹಾಗೆಂದು ದುರ್ಬಲ ನೆಲದಲ್ಲಿ ತಡ ಮಾಡುವಂತೆಯೂ ಇಲ್ಲ. ಎಷ್ಟು ಹೊತ್ತು ನೋಡಬಹುದು, ಯಾವಾಗ ಮುಚ್ಚಲೇಬೇಕು ಎಂಬ ಅಂದಾಜೇ ಈ ವೃತ್ತಿಯ ಕುಶಲತೆ.

ನೆಲ ದುರ್ಬಲವಾದಂತೆ ಅಗೆತವನ್ನು ಭಾಗ ಮಾಡಲಾಗುತ್ತದೆ. ಮೊದಲು ಮೇಲರ್ಧ, ಬಳಿಕ ಕೆಳಭಾಗ, ಕೊನೆಗೆ ತಳ. ಒಮ್ಮೆಗೆ ಮುನ್ನಡೆಯುವ ದೂರವೂ ಮೂರು-ನಾಲ್ಕು ಮೀಟರಿನಿಂದ ಒಂದು ಮೀಟರಿಗೆ ಇಳಿಯುತ್ತದೆ. ತೀರಾ ಸಡಿಲ ನೆಲವಾದರೆ ಅಗೆಯುವುದಕ್ಕೆ ಮೊದಲೇ ಚಾವಣಿಯ ಮೇಲ್ಭಾಗದಲ್ಲಿ ಕೊಡೆಯ ಕಡ್ಡಿಗಳಂತೆ ಉಕ್ಕಿನ ಕೊಳವೆಗಳನ್ನು ಮುಂದಕ್ಕೆ ತೂರಿಸಿ, ಅವುಗಳ ಮೂಲಕ ಸಿಮೆಂಟಿನ ಹಾಲು ತುಂಬುತ್ತಾರೆ. ಅದರ ನೆರಳಿನಲ್ಲಿ ಅಗೆತ ಸಾಗುತ್ತದೆ.

ಬೆಟ್ಟವೇ ಬೆಟ್ಟವನ್ನು ಹೊರಲಿ

ಆಸರೆ ಎಂದೊಡನೆ ಮೇಲಿನ ಬೆಟ್ಟವನ್ನೆಲ್ಲ ಹೊತ್ತು ನಿಲ್ಲುವ ದಪ್ಪ ಗೋಡೆಯ ಕಲ್ಪನೆ ಬರುವುದು ಸಹಜ. ಆಧುನಿಕ ಸುರಂಗ ವಿದ್ಯೆ ಈ ಕಲ್ಪನೆಯನ್ನು ಬದಲಿಸಿತು. ನೂರಾರು ಮೀಟರ್ ಬೆಟ್ಟವನ್ನು ಯಾವ ಗೋಡೆಯೂ ಹೊರಲಾರದು. ಹೊರಬೇಕಾದದ್ದು ಸುರಂಗದ ಸುತ್ತಲಿನ ಬಂಡೆಯೇ. ಅದು ಸಡಿಲಗೊಳ್ಳದಂತೆ ಹಿಡಿದಿಟ್ಟರೆ ಸಾಕು, ತನ್ನ ಭಾರವನ್ನು ತಾನೇ ಕಮಾನಿನಂತೆ ಹೊತ್ತುಕೊಳ್ಳುತ್ತದೆ. ಆಸ್ಟ್ರಿಯಾದ ಲಾಡಿಸ್ಲಾಸ್ ಫಾನ್ ರಾಬ್‌ಸೆವಿಚ್ 1964-65ರ ಲೇಖನಗಳಲ್ಲಿ ಈ ವಿಚಾರವನ್ನು ಜಗತ್ತಿಗೆ ಪರಿಚಯಿಸಿದರು. ಲಿಯೋಪೋಲ್ಡ್ ಮ್ಯುಲರ್, ಫ್ರಾಂಜ್ ಪಾಚರ್ ಮೊದಲಾದವರು ಬೆಳೆಸಿದ ಈ ಕ್ರಮವೇ ನ್ಯೂ ಆಸ್ಟ್ರಿಯನ್ ಟನೆಲಿಂಗ್ ಮೆಥಡ್, ಸಂಕ್ಷಿಪ್ತವಾಗಿ ನ್ಯಾಟ್ಮ್. ಸಿಲ್ಕ್ಯಾರಾದಲ್ಲಿ ಅನುಸರಿಸಿದ್ದೂ ಇದೇ ಕ್ರಮ.

ಇದರ ಮುಖ್ಯ ಉಪಕರಣಗಳು ಎರಡು. ಒಂದು ಶಾಟ್‌ಕ್ರೀಟ್, ಅಂದರೆ ಒತ್ತಡದಿಂದ ಬಂಡೆಯ ಮೇಲೆ ಎರಚುವ, ಬೇಗ ಗಟ್ಟಿಯಾಗುವ ಕಾಂಕ್ರೀಟು. ಇನ್ನೊಂದು ರಾಕ್ ಬೋಲ್ಟ್, ಬಂಡೆಯೊಳಗೆ ಹಲವು ಮೀಟರ್ ಆಳಕ್ಕೆ ಕೂರಿಸುವ ಉಕ್ಕಿನ ಸರಳು. ಇವು ಸಾಲದ ಕಡೆ ಉಕ್ಕಿನ ಕಮಾನುಗಳು ಬರುತ್ತವೆ. ಶಾಟ್‌ಕ್ರೀಟ್ ಸರಳವೆಂದು ಕಂಡರೂ ನಳಿಕೆ ಹಿಡಿದವನ ಕೈಯಲ್ಲಿ ಎಲ್ಲವೂ ಇದೆ. ನಳಿಕೆ ಗೋಡೆಗೆ ನೇರವಾಗಿ, ಒಂದೆರಡು ಮೀಟರ್ ದೂರದಲ್ಲಿ ಇರಬೇಕು. ಕೋನ ತಪ್ಪಿದರೆ ಕಾಂಕ್ರೀಟು ಪುಟಿದು ನೆಲಕ್ಕೆ ಬೀಳುತ್ತದೆ, ಪದರದೊಳಗೆ ಪೊಳ್ಳು ಉಳಿಯುತ್ತದೆ. ಹೊರಗಿನಿಂದ ನೋಡಿದರೆ ಮಾತ್ರ ಗೋಡೆ ನುಣ್ಣಗೇ ಕಾಣುತ್ತದೆ.

ಆಸರೆಯ ಬಲದಷ್ಟೇ ಮುಖ್ಯವಾದದ್ದು ಅದರ ಹೊತ್ತು. ಅಗೆದ ಕೂಡಲೇ ಬಿಗಿಯಾದ ಆಸರೆ ಕೊಟ್ಟರೆ ಬೆಟ್ಟದ ಪೂರ್ತಿ ಒತ್ತಡ ಅದರ ಮೇಲೆ ಬಿದ್ದು ಅದು ಬಿರಿಯಬಹುದು. ತೀರಾ ತಡ ಮಾಡಿದರೆ ಬಂಡೆ ಸಡಿಲಗೊಂಡು ಕುಸಿಯಬಹುದು. ಈ ಎರಡರ ನಡುವಿನ ಸರಿಯಾದ ಗಳಿಗೆಯನ್ನು ಲೆಕ್ಕ ಹಾಕುವುದು ಸ್ನಾತಕೋತ್ತರ ತರಗತಿಯ ಪ್ರಮುಖ ಅಭ್ಯಾಸ. ಮೃದು ನೆಲದಲ್ಲಂತೂ ತಳವನ್ನೂ ಕಾಂಕ್ರೀಟಿನಿಂದ ಮುಚ್ಚಿ ಉಂಗುರ ಪೂರ್ಣಗೊಳಿಸುವವರೆಗೆ ಸುರಂಗ ಸುರಕ್ಷಿತವಲ್ಲ.

ಅಳತೆ ಹೇಳಿದ್ದನ್ನು ಕೇಳದಿದ್ದಾಗ

ಆಸರೆ ಕೊಟ್ಟ ಬಳಿಕ ಬಂಡೆ ಸುಮ್ಮನಿದೆಯೇ ಎಂದು ತಿಳಿಯುವುದು ಅಳತೆಯಿಂದ. ಗೋಡೆ ಮತ್ತು ಚಾವಣಿಯಲ್ಲಿ ಕೂರಿಸಿದ ಗುರುತುಗಳನ್ನು ಪದೇಪದೇ ಸರ್ವೆ ಮಾಡಿ, ಅವು ಎಷ್ಟು ಮಿಲಿಮೀಟರ್ ಸರಿದಿವೆ ಎಂದು ದಾಖಲಿಸುತ್ತಾರೆ. ಚಲನೆ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ನೆಲ ನೆಲೆಗೊಳ್ಳುತ್ತಿದೆ ಎಂದರ್ಥ. ಕಡಿಮೆಯಾಗದೆ ಮುಂದುವರಿದರೆ, ಅಥವಾ ನಿಂತದ್ದು ಮತ್ತೆ ಶುರುವಾದರೆ, ಅದು ಎಚ್ಚರಿಕೆಯ ಗಂಟೆ.

ಇಲ್ಲಿ ಲಂಡನ್ನಿನ ಪ್ರಕರಣವೊಂದು ಎಲ್ಲ ಕೋರ್ಸುಗಳಿಗೂ ಪಠ್ಯದಂತಿದೆ. ಹೀಥ್ರೂ ವಿಮಾನ ನಿಲ್ದಾಣಕ್ಕೆ ರೈಲು ಸಂಪರ್ಕ ಕಲ್ಪಿಸಲು ನ್ಯಾಟ್ಮ್ ಕ್ರಮದಲ್ಲಿ ತೋಡುತ್ತಿದ್ದ ಸುರಂಗಗಳು 1994ರ ಅಕ್ಟೋಬರ್ 21ರ ನಸುಕಿನಲ್ಲಿ ಕುಸಿದು, ಮೇಲಿನ ನೆಲದಲ್ಲಿ ಭಾರಿ ಕುಳಿ ಬಿತ್ತು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ತನಿಖೆಯಲ್ಲಿ ಸುರಂಗದ ತಳದ ಶಾಟ್‌ಕ್ರೀಟ್ ಕಳಪೆಯಾಗಿದ್ದುದು ಕಂಡುಬಂತು. ಅದಕ್ಕಿಂತ ಮುಖ್ಯವಾಗಿ, ನೆಲ ಸರಿಯುತ್ತಿದೆ ಎಂಬ ಸೂಚನೆ ಅಳತೆಗಳಲ್ಲಿ ಮೊದಲೇ ಇತ್ತು. ಅದರ ಮೇಲೆ ಸಕಾಲದಲ್ಲಿ ಕ್ರಮ ಜರುಗಲಿಲ್ಲ. 1999ರಲ್ಲಿ ನ್ಯಾಯಾಲಯ ಎರಡು ಸಂಸ್ಥೆಗಳಿಗೆ ಒಟ್ಟು 17 ಲಕ್ಷ ಪೌಂಡ್ ದಂಡ ವಿಧಿಸಿತು.

ಉಪಕರಣ ಇದ್ದ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ ಎಂಬುದು ಹೀಥ್ರೂ ಕಲಿಸಿದ ಪಾಠ. ಅಂಕಿಯನ್ನು ನೋಡಿ ಅರ್ಥ ಮಾಡಿಕೊಳ್ಳುವ ವ್ಯಕ್ತಿ ಬೇಕು. ಆತನ ಮಾತಿಗೆ ಬೆಲೆ ಕೊಡುವ ವ್ಯವಸ್ಥೆಯೂ ಬೇಕು.

ಬೆಂಗಳೂರಿನ ಬೆರಕೆ ನೆಲ

ನಗರಗಳ ನಡುವೆ ಸಿಡಿಮದ್ದು ಬಳಸುವುದು ಕಷ್ಟ. ಅಲ್ಲಿ ಟಿಬಿಎಂ ಎಂಬ ಸುರಂಗ ಕೊರೆಯುವ ಯಂತ್ರಗಳೇ ಆಧಾರ. ಮುಂಭಾಗದ ತಿರುಗುವ ತಲೆ ನೆಲವನ್ನು ಕೆರೆಯುತ್ತದೆ. ಹಿಂದೆ ಕಾಂಕ್ರೀಟಿನ ಬಿಲ್ಲೆಗಳನ್ನು ಜೋಡಿಸಿ ಉಂಗುರ ಕಟ್ಟಲಾಗುತ್ತದೆ. ಎದುರಿನ ಮಣ್ಣು, ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡವನ್ನು ಯಂತ್ರ ಕಾಯ್ದುಕೊಳ್ಳಬೇಕು. ಒತ್ತಡ ಕಡಿಮೆಯಾದರೆ ಮಣ್ಣು ಒಳನುಗ್ಗಿ ಮೇಲಿನ ರಸ್ತೆ ಕುಸಿಯುತ್ತದೆ. ಹೆಚ್ಚಾದರೆ ನೆಲ ಉಬ್ಬುತ್ತದೆ.

ಬೆಂಗಳೂರಿನ ತಳದಲ್ಲಿರುವುದು ಲಾಲ್‌ಬಾಗ್ ಬಂಡೆಯಾಗಿ ಮೇಲೆದ್ದು ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಆದರೆ ಅದರ ಮೇಲ್ಮೈ ಸಮತಟ್ಟಾಗಿಲ್ಲ. ಒಂದೆಡೆ ಗಟ್ಟಿ ಬಂಡೆ, ಮಗ್ಗುಲಲ್ಲೇ ಶಿಥಿಲಗೊಂಡ ಕಲ್ಲು, ನಡುವೆ ಗುಂಡುಗಳು, ಮೇಲೆ ಮಣ್ಣು. ಒಂದೇ ಉಂಗುರದ ಕೆಳಗೆ ಬಂಡೆ, ಮೇಲೆ ಮಣ್ಣು ಸಿಗುವುದೂ ಉಂಟು. ಇಂಥ ಬೆರಕೆ ನೆಲ ಯಂತ್ರಕ್ಕೆ ಅತಿ ಕಠಿಣ ಪರೀಕ್ಷೆ. ಬಂಡೆ ಕೊರೆಯಲು ಯಂತ್ರ ನಿಧಾನಿಸುತ್ತದೆ. ಅಷ್ಟರಲ್ಲಿ ಮೇಲಿನ ಸಡಿಲ ಮಣ್ಣು ಲೆಕ್ಕಕ್ಕಿಂತ ಹೆಚ್ಚಾಗಿ ಒಳಬರುತ್ತದೆ.

ನಮ್ಮ ಮೆಟ್ರೋ ಮೊದಲ ಹಂತದಲ್ಲಿ ಚಿಕ್ಕಪೇಟೆ-ಮೆಜೆಸ್ಟಿಕ್ ನಡುವೆ ಗೋದಾವರಿ ಯಂತ್ರದ ಕೊರೆಯುವ ತಲೆ ಹಾಳಾಗಿ ಅದು ತಿಂಗಳುಗಟ್ಟಲೆ ನಿಂತುಹೋದದ್ದು ನಗರದ ಜನತೆಗೆ ನೆನಪಿರಬಹುದು. 2023ರ ಜನವರಿಯಲ್ಲಿ ಬ್ರಿಗೇಡ್ ರಸ್ತೆಯ ಶೂಲೆ ವೃತ್ತದ ಬಳಿ, ಮೆಟ್ರೋ ಸುರಂಗ ಕಾಮಗಾರಿ ನಡೆಯುತ್ತಿದ್ದ ಕಡೆ, ರಸ್ತೆಯಲ್ಲಿ ಗುಂಡಿ ಬಿದ್ದು ದ್ವಿಚಕ್ರ ವಾಹನ ಸವಾರರೊಬ್ಬರು ಗಾಯಗೊಂಡರು. ಇಷ್ಟಾಗಿಯೂ ಕಾಳೇನ ಅಗ್ರಹಾರ-ನಾಗವಾರ ಮಾರ್ಗದ 13.76 ಕಿ.ಮೀ. ನೆಲದಡಿಯ ಭಾಗದಲ್ಲಿ ಒಂಬತ್ತು ಯಂತ್ರಗಳು ಕೆಲಸ ಮಾಡಿ, 2024ರ ಅಕ್ಟೋಬರ್ ಅಂತ್ಯಕ್ಕೆ ಕೊರೆತ ಪೂರ್ಣಗೊಂಡಿತು. ಸಾವಿರಾರು ಮನೆ, ಅಂಗಡಿಗಳ ಕೆಳಗೆ ಈ ಯಂತ್ರಗಳು ಹಾದುಹೋಗಿವೆ. ಮನೆಯೊಳಗಿದ್ದವರಿಗೆ ಅದು ತಿಳಿಯದೆ ಹೋದದ್ದೇ ಈ ವಿದ್ಯೆಯ ಯಶಸ್ಸು.

ಎಲ್ಲಿ ಕಲಿಸುತ್ತಾರೆ?

ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಲಿಯೋಬೆನ್ ಗಣಿ ವಿಶ್ವವಿದ್ಯಾಲಯ ಜಂಟಿಯಾಗಿ ನ್ಯಾಟ್ಮ್ ಎಂಜಿನಿಯರಿಂಗ್ ಸ್ನಾತಕೋತ್ತರ ತರಬೇತಿ ರೂಪಿಸಿವೆ. ಇಟಲಿಯ ತೂರಿನ್ ಪಾಲಿಟೆಕ್ನಿಕ್ ಸುರಂಗ ಹಾಗೂ ಸುರಂಗ ಕೊರೆಯುವ ಯಂತ್ರಗಳ ಬಗ್ಗೆಯೇ ವಿಶೇಷ ಕೋರ್ಸ್ ನಡೆಸಿಕೊಂಡು ಬಂದಿದೆ. ಬ್ರಿಟನ್ನಿನ ವಾರ್ವಿಕ್ ವಿಶ್ವವಿದ್ಯಾಲಯದ ಕೋರ್ಸ್ ಬ್ರಿಟಿಷ್ ಟನೆಲಿಂಗ್ ಸೊಸೈಟಿಯ ಸಹಯೋಗದಲ್ಲಿ ರೂಪುಗೊಂಡಿತು. ಭಾರತದಲ್ಲಿ 1926ರಲ್ಲಿ ಗಣಿ ಶಾಲೆಯಾಗಿ ಆರಂಭವಾಗಿ 2016ರಲ್ಲಿ ಐಐಟಿ ಸ್ಥಾನ ಪಡೆದ ಧನಬಾದ್ ಸಂಸ್ಥೆ ಸುರಂಗ ಮತ್ತು ನೆಲದಡಿಯ ಅವಕಾಶ ತಂತ್ರಜ್ಞಾನದಲ್ಲಿ ಎಂ.ಟೆಕ್. ರೂಪಿಸಿದೆ. ದೇಶದ ಎಂ.ಟೆಕ್. ಕೋರ್ಸುಗಳಿಗೆ ಸಾಮಾನ್ಯವಾಗಿ ಗೇಟ್ ಪರೀಕ್ಷೆಯೇ ಪ್ರವೇಶದ್ವಾರ. ಅವಧಿ ಎರಡು ವರ್ಷ. ಎರಡನೆಯ ವರ್ಷ ಬಹುಪಾಲು ಪ್ರಬಂಧಕ್ಕೆ ಮೀಸಲು.

ಪಠ್ಯದಲ್ಲಿ ಎಲ್ಲ ಕಡೆ ಸಾಮ್ಯವಿದೆ. ಭೂಶೋಧನೆ, ಶಿಲಾ ಯಂತ್ರಶಾಸ್ತ್ರ, ಅಗೆತದ ವಿಧಾನ, ಆಸರೆಯ ವಿನ್ಯಾಸ, ಕಂಪ್ಯೂಟರ್ ಮಾದರಿ, ಅಳತೆ, ಗಾಳಿ ಮತ್ತು ಸುರಕ್ಷತೆ, ಗುತ್ತಿಗೆ ನಿರ್ವಹಣೆ ಸಾಮಾನ್ಯ ವಿಷಯಗಳು. ವ್ಯತ್ಯಾಸವಿರುವುದು ಕಲಿಯುವ ಜಾಗದಲ್ಲಿ. ಆಸ್ಟ್ರಿಯಾದ ಎರ್ಜ್‌ಬರ್ಗ್ ಎಂಬ ಕಬ್ಬಿಣದ ಅದಿರಿನ ಬೆಟ್ಟದೊಳಗೆ ಲಿಯೋಬೆನ್ ವಿಶ್ವವಿದ್ಯಾಲಯ ಸಂಶೋಧನೆ ಮತ್ತು ತರಬೇತಿಗೆಂದೇ ರಸ್ತೆ ಹಾಗೂ ರೈಲು ಸುರಂಗಗಳನ್ನು ನಿರ್ಮಿಸಿದೆ. ಸ್ವಿಟ್ಜರ್ಲೆಂಡ್‌ನ ಹಾಗರ್‌ಬಾಖ್‌ನಲ್ಲಿ 1970ರಿಂದ ಪ್ರಾಯೋಗಿಕ ಸುರಂಗ ಜಾಲವಿದೆ. ಅಲ್ಲಿ ಶಾಟ್‌ಕ್ರೀಟ್ ಎರಚಿ ನೋಡಬಹುದು, ತಪ್ಪು ಮಾಡಿ ತಿದ್ದಿಕೊಳ್ಳಬಹುದು. ಆ ತಪ್ಪಿಗೆ ಯಾರೂ ಬಲಿಯಾಗಬೇಕಿಲ್ಲ.

ಕಂಪ್ಯೂಟರ್ ಮಾದರಿಯಿಂದ ಈ ಅನುಭವ ದೊರೆಯದು. ಪರದೆಯ ಮೇಲಿನ ಬಂಡೆಗೆ ವಿದ್ಯಾರ್ಥಿ ಕೊಟ್ಟ ಗುಣಗಳಷ್ಟೇ ಇರುತ್ತವೆ. ನಿಜವಾದ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿದಾಗ ಬರುವ ಸದ್ದು ಗಟ್ಟಿಯೋ ಪೊಳ್ಳೋ, ನಿನ್ನೆ ಒಣಗಿದ್ದ ಸೀಳಿನಲ್ಲಿ ಇಂದು ನೀರೇಕೆ, ಹಳೆಯ ಶಾಟ್‌ಕ್ರೀಟ್ ಮೇಲೆ ಕೂದಲೆಳೆಯಷ್ಟು ಬಿರುಕು ಯಾವ ದಿಕ್ಕಿಗೆ ಓಡುತ್ತಿದೆ ಎಂಬುದನ್ನು ಬೆಟ್ಟದೊಳಗೇ ನೋಡಿ ಕಲಿಯಬೇಕು.

ಕೋಲಾರದ ಪರಂಪರೆ

ಈ ವಿಷಯದಲ್ಲಿ ಕರ್ನಾಟಕಕ್ಕೆ ದೊಡ್ಡ ಹಿನ್ನೆಲೆಯೇ ಇದೆ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದು ವಿಶ್ವದ ಅತಿ ಆಳದ ಗಣಿಗಳ ಸಾಲಿಗೆ ಸೇರಿತ್ತು. ಆಳ ಹೆಚ್ಚಿದಂತೆ ಬಂಡೆಯಲ್ಲಿ ಅಡಗಿದ ಒತ್ತಡ ಹಠಾತ್ತನೆ ಸಿಡಿಯುವ ಶಿಲಾಸ್ಫೋಟಗಳು ಅಲ್ಲಿನ ಕಾರ್ಮಿಕರ ಪ್ರಾಣ ತೆಗೆದವು. ಅವುಗಳನ್ನು ಅರಿಯುವ ಯತ್ನವೇ ದೇಶದಲ್ಲಿ ಶಿಲಾ ಯಂತ್ರಶಾಸ್ತ್ರದ ಸಂಶೋಧನೆಗೆ ಬಲ ತಂದಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಸ್ಥಾಪನೆಯಾದದ್ದು ಕೆಜಿಎಫ್‌ನಲ್ಲೇ. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಸಂಸ್ಥೆಯ ಕೇಂದ್ರ ಕಚೇರಿ ಮುಂದೆ ಬೆಂಗಳೂರಿಗೆ ಬಂತು. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಗಣಿ ಎಂಜಿನಿಯರಿಂಗ್ ವಿಭಾಗವಿದೆ; ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೂತಾಂತ್ರಿಕ ಸಂಶೋಧನೆ ನಡೆಯುತ್ತದೆ.

ಸುರಂಗಗಳ ಸಹವಾಸವೂ ರಾಜ್ಯಕ್ಕೆ ಹೊಸದಲ್ಲ. ಸಕಲೇಶಪುರ-ಸುಬ್ರಹ್ಮಣ್ಯ ಘಟ್ಟದ ರೈಲುಮಾರ್ಗದಲ್ಲಿ 57 ಸುರಂಗಗಳಿವೆ. ಕರಾವಳಿಯವರು ಮುಂಬಯಿಗೆ ಹೋಗುವ ಕೊಂಕಣ ರೈಲು ಗೋವಾದ ಪೆರ್ನೆಂನಲ್ಲಿ ಮೃದು ಮಣ್ಣಿನ ಸುರಂಗ ದಾಟುತ್ತದೆ. 2020ರ ಆಗಸ್ಟ್‌ನಲ್ಲಿ ಅದರ ಗೋಡೆ ಕುಸಿದು ರೈಲುಗಳ ಮಾರ್ಗ ಬದಲಿಸಬೇಕಾಯಿತು. 2024ರ ಜುಲೈನಲ್ಲಿ ನೀರು ನುಗ್ಗಿ ಸಂಚಾರ ಸ್ಥಗಿತಗೊಂಡಿತು. ಕಟ್ಟಿ ಮುಗಿಸಿದ ದಶಕಗಳ ಬಳಿಕವೂ ಆಸರೆಯ ಮೇಲೆ ಕಣ್ಣಿಡಬೇಕೆಂಬುದಕ್ಕೆ ಇದೇ ಸಾಕ್ಷಿ.

ಮುಂದಿನ ಪ್ರಸ್ತಾವಗಳು ಇನ್ನೂ ದೊಡ್ಡವು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ. ಜೋಡಿ ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆಯಲಾಯಿತು. 2,000 ಮೆಗಾವಾಟ್ ಸಾಮರ್ಥ್ಯದ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಪಶ್ಚಿಮಘಟ್ಟದೊಳಗೆ ಸುರಂಗಗಳನ್ನೂ ನೆಲದಡಿಯ ವಿದ್ಯುದಾಗಾರವನ್ನೂ ಬಯಸುತ್ತದೆ. ಇವು ಬೇಕೇ ಬೇಡವೇ ಎಂಬ ಚರ್ಚೆ ಪರಿಸರ, ವೆಚ್ಚ, ಸಂಚಾರದ ನೆಲೆಯಲ್ಲಿ ನಡೆದೇ ಇದೆ. ಆದರೆ ಕೈಗೆತ್ತಿಕೊಂಡರೆ ಅಗೆತದ ತುದಿಯಲ್ಲಿ ನಿಲ್ಲುವವರು ಯಾರು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ವಿರಳವಾಗಿ ಕೇಳಿಬರುತ್ತದೆ.

‘ನಿಲ್ಲಿಸಿ’ ಎನ್ನುವ ಅಧಿಕಾರ

ಕೊನೆಯದಾಗಿ, ಎಂಜಿನಿಯರಿಂಗ್ ಪಠ್ಯದಲ್ಲಿ ಗುತ್ತಿಗೆಯ ಪಾಠವೇಕೆ ಎಂದು ಅಚ್ಚರಿಯಾಗಬಹುದು. ನಿರೀಕ್ಷೆಗಿಂತ ಕೆಟ್ಟ ನೆಲ ಎದುರಾದಾಗ ಆಗುವ ಹೆಚ್ಚುವರಿ ವೆಚ್ಚ ಯಾರದು? ಎಲ್ಲವೂ ಗುತ್ತಿಗೆದಾರನದೇ ಎಂದಾದರೆ, ಬಂಡೆಯನ್ನು ಕಳಪೆ ವರ್ಗಕ್ಕೆ ಸೇರಿಸುವ ಪ್ರತಿ ನಿರ್ಧಾರವೂ ಆತನಿಗೆ ನಷ್ಟ. ಆಗ ಆತನ ಸಂಬಳದಲ್ಲಿರುವ ಯುವ ಭೂವಿಜ್ಞಾನಿಯ ಲೇಖನಿ ಮೇಲೆ ಒತ್ತಡ ಬೀಳುವುದು ಖಚಿತ. ಇದನ್ನು ಮನಗಂಡೇ ಅಂತಾರಾಷ್ಟ್ರೀಯ ಸುರಂಗ ಸಂಘ ಹಾಗೂ ಸಲಹಾ ಎಂಜಿನಿಯರುಗಳ ಒಕ್ಕೂಟವಾದ ಫಿಡಿಕ್ 2019ರಲ್ಲಿ ಎಮರಾಲ್ಡ್ ಬುಕ್ ಎಂಬ ಮಾದರಿ ಗುತ್ತಿಗೆ ಹೊರತಂದವು. ನಿರೀಕ್ಷಿತ ನೆಲದ ಸ್ವರೂಪವನ್ನು ಮೊದಲೇ ದಾಖಲಿಸಿ, ಅದಕ್ಕಿಂತ ಕೆಟ್ಟದ್ದು ಎದುರಾದರೆ ಹೊರೆ ಹಂಚಿಕೊಳ್ಳುವ ದಾರಿ ಅದರಲ್ಲಿದೆ. ಸಿಲ್ಕ್ಯಾರಾದಲ್ಲಿ ನೆರವಿಗೆ ಬಂದಿದ್ದ, ಆಗ ಅಂತಾರಾಷ್ಟ್ರೀಯ ಸಂಘದ ಅಧ್ಯಕ್ಷರಾಗಿದ್ದ ಆಸ್ಟ್ರೇಲಿಯಾದ ಅರ್ನಾಲ್ಡ್ ಡಿಕ್ಸ್ ಭೂವಿಜ್ಞಾನವನ್ನೂ ವಕೀಲಿಯನ್ನೂ ಬಲ್ಲವರು. ಈ ವೃತ್ತಿಯಲ್ಲಿ ಅವೆರಡೂ ಒಟ್ಟಿಗೆ ಬೇಕಾಗುತ್ತವೆ.

ಸ್ನಾತಕೋತ್ತರ ಪದವಿ ಪಡೆದವರೆಲ್ಲ ಮೊದಲ ದಿನವೇ ನಿಪುಣರಾಗುವುದಿಲ್ಲ. ಅನುಭವಿ ಮೇಸ್ತ್ರಿಯೊಬ್ಬನ ಕಿವಿ ಕೆಲವೊಮ್ಮೆ ಉಪಕರಣಕ್ಕಿಂತ ಮುಂಚೆ ಅಪಾಯ ಗ್ರಹಿಸುತ್ತದೆ. ಆದರೆ ಮೇಸ್ತ್ರಿಯ ಅನುಮಾನಕ್ಕೆ ಅಂಕಿಯ ಆಧಾರ ಒದಗಿಸಿ, ಅದನ್ನು ವಿನ್ಯಾಸದ ಬದಲಾವಣೆಯಾಗಿಸಿ, ಮೇಲಧಿಕಾರಿಯ ಎದುರು ಸಮರ್ಥಿಸಬಲ್ಲದ್ದು ತರಬೇತಿ. ಅದಿಲ್ಲದೆ ಎಚ್ಚರಿಕೆ ಪಾಳಿಯ ಮಾತುಕತೆಯಲ್ಲೇ ಮುಗಿದುಹೋಗುತ್ತದೆ.

ಸುರಂಗ ಯೋಜನೆ ಘೋಷಣೆಯಾದಾಗ ಉದ್ದ, ವೆಚ್ಚ, ಗಡುವುಗಳನ್ನು ಸರ್ಕಾರ ಪ್ರಕಟಿಸುತ್ತದೆ. ಅವುಗಳೊಂದಿಗೆ ಇನ್ನೂ ಮೂರು ವಿವರ ಕೇಳುವ ಹಕ್ಕು ತೆರಿಗೆದಾರರಿಗಿದೆ: ಪ್ರತಿ ಪಾಳಿಯಲ್ಲಿ ಅಗೆತದ ತುದಿಯಲ್ಲಿ ಅರ್ಹ ಭೂವಿಜ್ಞಾನಿ ಅಥವಾ ಸುರಂಗ ಎಂಜಿನಿಯರ್ ಇರುತ್ತಾರೆಯೇ, ನೆಲದ ಚಲನೆಯ ಅಳತೆಗಳನ್ನು ಗುತ್ತಿಗೆದಾರನಿಗೆ ಹೊರತಾದ ಯಾರಾದರೂ ಪರಿಶೀಲಿಸುತ್ತಾರೆಯೇ, ಕೆಲಸ ನಿಲ್ಲಿಸುವ ಲಿಖಿತ ಅಧಿಕಾರ ಅವರಿಗಿದೆಯೇ? ಮೂರಕ್ಕೂ ಹೌದೆಂಬ ಉತ್ತರ ಸಿಗಬೇಕಾದರೆ ಅಷ್ಟು ಮಂದಿ ತರಬೇತಾದವರು ಮೊದಲು ನಮ್ಮಲ್ಲಿರಬೇಕು.